599ರ ಫೋಟೊ, 210ರ ಮಾರ್ಕ್ಸ್ ಕಾರ್ಡ್

(2025ರ ಏಪ್ರಿಲ್ 8, ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ರಾತ್ರಿ)

ಇವತ್ತು ಮಧ್ಯಾಹ್ನದಿಂದ ಟಿವಿ ಹಾಕಿದವರೆಲ್ಲ ಒಂದೇ ದೃಶ್ಯ ನೋಡಿರ್ತೀರಿ. ಒಂದು ಮನೆ, ಮನೆ ಮುಂದೆ ಮೈಕುಗಳ ಗೊಂಚಲು, ನಡುವೆ ನಾಚಿಕೊಂಡು ನಿಂತ ಒಂದು ಹುಡುಗಿ, ಎರಡೂ ಕಡೆಯಿಂದ ಬಾಯಿಗೆ ಸಿಹಿ ಇಡುತ್ತಿರುವ ಅಪ್ಪ-ಅಮ್ಮ. ದಿನಕ್ಕೆ ಎಷ್ಟು ಗಂಟೆ ಓದ್ತಿದ್ದೆ? ಮೊಬೈಲ್ ನೋಡ್ತಿದ್ಯಾ? ಮುಂದೆ ಏನಾಗ್ಬೇಕು ಅಂತಿದ್ದೀಯ? ಪ್ರತಿ ವರ್ಷ ಇದೇ ಮೂರು ಪ್ರಶ್ನೆ. ನಾವೂ ಕೇಳಿದ್ದೀವಿ, ಪಕ್ಕದ ಚಾನೆಲ್‌ನವರೂ ಕೇಳಿದ್ದಾರೆ. ವಿಜ್ಞಾನದಲ್ಲಿ 599, ವಾಣಿಜ್ಯದಲ್ಲಿ 599, ಕಲಾ ವಿಭಾಗದಲ್ಲಿ 597. ಆ ಮಕ್ಕಳಿಗೆ ಮನಸಾರೆ ಅಭಿನಂದನೆ. ಆ ಒಂದು ಮಾರ್ಕು ಎಲ್ಲಿ ಹೋಯ್ತು ಅಂತ ಕೇಳೋ ಪುಣ್ಯಾತ್ಮರೂ ಇರ್ತಾರೆ, ಅವರನ್ನ ಬಿಟ್ಟುಬಿಡಿ.

ನಾನು ಈ ಹೊತ್ತು ಮಾತಾಡಬೇಕು ಅಂದುಕೊಂಡಿರೋದು ಬೇರೆ ಒಂದು ಸಂಖ್ಯೆ ಬಗ್ಗೆ. ಈ ಸಲ ಪರೀಕ್ಷೆ ಬರೆದವರು 6,37,805. ಪಾಸಾದವರು 4,68,439. ಅಂದ್ರೆ ನೂರಕ್ಕೆ 73.45. ಕಳೆದ ವರ್ಷ 81.15 ಇತ್ತು. ಈಗ ನೀವೇ ಕಳೆಯಿರಿ. ಪಾಸಾಗದೆ ಉಳಿದವರು 1,69,366 ಮಕ್ಕಳು. ಅವರ ಮನೆ ಮುಂದೆ ಯಾವ ಮೈಕೂ ಇಲ್ಲ. ಕೆಲವು ಮನೆಗಳಲ್ಲಿ ಈ ರಾತ್ರಿ ಒಲೆ ಕೂಡ ಹಚ್ಚಿರಲ್ಲ.

ಪಿಯುಸಿ ಸರ್ಟಿಫಿಕೇಟ್ ಅನ್ನೋದನ್ನ ನಾವು ನೋಡುತ್ತಿರೋದು 599ರ ತುದಿಯಿಂದ. ಅದರ ನಿಜವಾದ ತೂಕ ಇರೋದು 210ರ ತುದಿಯಲ್ಲಿ. ಇದನ್ನ ಹೇಳಬೇಕಾದರೆ ಮೊದಲು ಆ ಸರ್ಟಿಫಿಕೇಟು ಹೇಗೆ ತಯಾರಾಗುತ್ತೆ ಅಂತ ಸ್ವಲ್ಪ ಬಿಚ್ಚಿ ನೋಡಬೇಕು. ಎರಡು ವರ್ಷ ಫೀಸು ಕಟ್ಟಿದ ಎಷ್ಟೋ ಅಪ್ಪಂದಿರಿಗೆ ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಯಾವ ಅಂಕ ಎಲ್ಲಿಂದ ಬಂತು ಅಂತ ಗೊತ್ತಿರಲ್ಲ. ತಪ್ಪು ಅವರದಲ್ಲ. ಯಾರೂ ಕೂರಿಸಿಕೊಂಡು ಹೇಳಿರಲ್ಲ.

ಹೆಸರಿನಿಂದಲೇ ಶುರು ಮಾಡೋಣ. ಪ್ರೀ-ಯೂನಿವರ್ಸಿಟಿ ಅಂದರೆ ವಿಶ್ವವಿದ್ಯಾಲಯಕ್ಕೆ ಮುಂಚಿನದು. ನಮ್ಮ ಹಿರಿಯರು ಈಗಲೂ "ನಮ್ಮ ಕಾಲದಲ್ಲಿ ಪಿಯುಸಿ ಒಂದೇ ವರ್ಷ" ಅಂತಾರಲ್ಲ, ನಿಜ. ಆಗ ಅದು ವಿಶ್ವವಿದ್ಯಾಲಯದ ಕೈಯಲ್ಲಿದ್ದ ಒಂದು ವರ್ಷದ ಕೋರ್ಸು. ಎರಡು ವರ್ಷದ ಪಿಯುಸಿ ಶುರುವಾಗಿದ್ದು 1971-72ರಲ್ಲಿ. ಬೇರೆ ಹಲವು ರಾಜ್ಯಗಳಲ್ಲಿ ಹನ್ನೊಂದು, ಹನ್ನೆರಡನೇ ತರಗತಿ ಅಂದರೆ ಅದು ಶಾಲೆ. ನಮ್ಮಲ್ಲಿ ಕಾಲೇಜು. ಹದಿನಾರು ವರ್ಷದ ಹುಡುಗ ಜೂನ್ ತಿಂಗಳಲ್ಲಿ ಏಕಾಏಕಿ ಕಾಲೇಜು ಹುಡುಗ ಆಗಿಬಿಡ್ತಾನೆ. ಮೇಷ್ಟ್ರು ಲೆಕ್ಚರರ್ ಆಗ್ತಾರೆ. ಮನೆಗೆ ಬಂದು ವಿಚಾರಿಸೋ ಹೆಡ್‌ಮಾಸ್ಟರ್ ಇರಲ್ಲ, ತಿಂಗಳಿಗೊಂದು ಪ್ರೋಗ್ರೆಸ್ ಕಾರ್ಡಿಗೆ ಅಪ್ಪ ಸಹಿ ಹಾಕೋದು ನಿಂತು ಹೋಗುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿದ್ದ ಹುಡುಗ ಪಿಯುಸಿಯಲ್ಲಿ ಜಾರಿದ ಅನ್ನೋ ಕಥೆ ಪ್ರತಿ ಬೀದಿಯಲ್ಲೂ ಇದೆ. ಆ ಜಾರಿಕೆಯಲ್ಲಿ ಈ "ಕಾಲೇಜು" ಅನ್ನೋ ಪದಕ್ಕೂ ಒಂದು ಪಾಲಿದೆ ಅಂತ ನನಗೆ ಅನ್ನಿಸುತ್ತೆ.

ಈಗ ಲೆಕ್ಕ. ಆರು ವಿಷಯ. ಎರಡು ಭಾಷೆ, ನಾಲ್ಕು ಐಚ್ಛಿಕ. ಒಂದೊಂದಕ್ಕೆ 100, ಒಟ್ಟು 600. ಪಾಸಾಗೋಕೆ 2025ರ ಈ ಪರೀಕ್ಷೆಯಲ್ಲಿ 100ಕ್ಕೆ 35, ಒಟ್ಟು 210 ಬೇಕಿತ್ತು. 510 ದಾಟಿದರೆ ಡಿಸ್ಟಿಂಕ್ಷನ್, 360 ದಾಟಿದರೆ ಪ್ರಥಮ ದರ್ಜೆ, 300 ದಾಟಿದರೆ ದ್ವಿತೀಯ, ಉಳಿದದ್ದು ಬರೀ ಪಾಸ್. ಇದಿಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆ ನೂರರ ಒಳಗೆ ಏನಿದೆ ಅನ್ನೋದು.

ಭೌತಶಾಸ್ತ್ರ ತಗೊಳ್ಳಿ. ಮೂವತ್ತು ಅಂಕ ಪ್ರಾಕ್ಟಿಕಲ್‌ಗೆ, ಎಪ್ಪತ್ತು ಥಿಯರಿಗೆ. ಆ ಎಪ್ಪತ್ತರಲ್ಲಿ ಇಪ್ಪತ್ತು ಅಂಕ ಒಂದೊಂದು ಮಾರ್ಕಿನ ಪ್ರಶ್ನೆಗಳು. ಹದಿನೈದು ಸರಿ ಉತ್ತರ ಆರಿಸೋದು, ಐದು ಬಿಟ್ಟ ಸ್ಥಳ ತುಂಬೋದು. ಆಮೇಲೆ ಎರಡು ಅಂಕದವು, ಮೂರು ಅಂಕದವು, ಕೊನೆಗೆ ಐದು ಅಂಕದ ವಿವರಣೆ ಮತ್ತು ಲೆಕ್ಕ. ಪಾಸಾಗಬೇಕಾದರೆ ಥಿಯರಿಯಲ್ಲೇ ಕನಿಷ್ಠ 21 ಬರಬೇಕು. ಪ್ರಾಕ್ಟಿಕಲ್‌ನಲ್ಲಿ 30ಕ್ಕೆ 30 ತಗೊಂಡು ಥಿಯರಿಯಲ್ಲಿ 20 ಬಂದರೆ ಒಟ್ಟು 50 ಆಗುತ್ತೆ, ಆದರೂ ಫೇಲು. ಒಳ್ಳೇ ನಿಯಮ ಅದು. ಪ್ರಾಕ್ಟಿಕಲ್ ಅಂಕದ ಮೇಲೆ ಸವಾರಿ ಮಾಡಿಕೊಂಡು ಹೋಗೋದನ್ನ ತಡೆಯೋಕೆ ಹಾಕಿರೋ ಬೇಲಿ.

ಕಲಾ, ವಾಣಿಜ್ಯದ ಹೆಚ್ಚಿನ ವಿಷಯಗಳಿಗೆ, ಭಾಷೆಗಳಿಗೆ, ಗಣಿತಕ್ಕೆ ಮೊದಲು ಈ ಪ್ರಾಕ್ಟಿಕಲ್ ಭಾಗ್ಯ ಇರಲಿಲ್ಲ. ನೂರಕ್ಕೆ ನೂರೂ ಬರವಣಿಗೆ. ಇತಿಹಾಸದ ಹುಡುಗಿ ಮೂರು ಗಂಟೆ ಕೈ ನೋಯುವಷ್ಟು ಬರೆದು ಗಳಿಸಿದ್ದೇ ಅವಳ ಅಂಕ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ವಿಜ್ಞಾನದ ಹುಡುಗ ಪರೀಕ್ಷಾ ಹಾಲ್‌ಗೆ ಬರುವಾಗಲೇ ಮೂರು ವಿಷಯದಲ್ಲಿ ಪ್ರಾಕ್ಟಿಕಲ್ ಅಂಕ ಜೇಬಲ್ಲಿ ಇಟ್ಟುಕೊಂಡು ಬರ್ತಿದ್ದ. ಇದು ಅನ್ಯಾಯ ಅಂತ ಬಹಳ ವರ್ಷ ಕೂಗು ಇತ್ತು. 2023-24ರಿಂದ ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೂ 20 ಅಂಕದ ಆಂತರಿಕ ಮೌಲ್ಯಮಾಪನ ತಂದರು. 80 ಬರವಣಿಗೆ, 20 ಕಾಲೇಜಿನಲ್ಲೇ ಟೆಸ್ಟು, ಪ್ರಾಜೆಕ್ಟು ಇತ್ಯಾದಿ ನೋಡಿ ಕೊಡೋದು. ಸಿಬಿಎಸ್‌ಇಯಲ್ಲೂ ಇದೇ 80-20, 70-30 ಇದೆ. ನಮ್ಮ ಮಕ್ಕಳೂ ಅವರ ಸಮ ನಿಲ್ಲಲಿ ಅನ್ನೋ ಮಾತೂ ಬಂತು.

ಈಗ ಕೂಡಿಸಿ ನೋಡಿ. ಪಿಸಿಎಂಬಿ ತಗೊಂಡ ಹುಡುಗನಿಗೆ ಮೂರು ಪ್ರಾಕ್ಟಿಕಲ್‌ನಿಂದ 90, ಗಣಿತದಿಂದ 20, ಎರಡು ಭಾಷೆಯಿಂದ 40. ಒಟ್ಟು 150. ಪ್ರಾಕ್ಟಿಕಲ್ ಇಲ್ಲದ ಕಲಾ ವಿಭಾಗದ ಹುಡುಗಿಗೆ ಆರು ಇಪ್ಪತ್ತಲ 120. ಅಂದರೆ ನೀವು ಪತ್ರಿಕೆಯಲ್ಲಿ ನೋಡೋ ಆ 600 ಅನ್ನೋ ಸಂಖ್ಯೆಯಲ್ಲಿ ಐದನೇ ಒಂದು ಪಾಲಿನಿಂದ ಕಾಲು ಭಾಗದವರೆಗೆ ಮಾರ್ಚ್ ತಿಂಗಳ ಉತ್ತರ ಪತ್ರಿಕೆಯಿಂದ ಬಂದದ್ದೇ ಅಲ್ಲ.

ಇದು ತಪ್ಪಾ? ತಪ್ಪು ಅಂತ ನಾನು ಹೇಳಲ್ಲ. ಎರಡು ವರ್ಷದ ಓದನ್ನ ಒಂದು ಬೆಳಗ್ಗೆ ಮೂರು ಗಂಟೆಯಲ್ಲಿ ಅಳೆಯೋದು ಯಾವ ನ್ಯಾಯ? ಆ ಬೆಳಗ್ಗೆ ಹುಡುಗನಿಗೆ ಜ್ವರ ಬಂದಿರಬಹುದು. ಹಳ್ಳಿಯಿಂದ ಬರೋ ಬಸ್ಸು ತಡ ಆಗಿರಬಹುದು. ವರ್ಷವಿಡೀ ಮಾಡಿದ ಕೆಲಸಕ್ಕೆ ಒಂದಿಷ್ಟು ಅಂಕ ಸಿಗಲಿ. ನನ್ನ ತಕರಾರು ಅಂಕ ಕೊಡೋದರ ಬಗ್ಗೆ ಅಲ್ಲ, ಯಾರು ನೋಡ್ತಾರೆ ಅನ್ನೋದರ ಬಗ್ಗೆ. ಪ್ರಾಕ್ಟಿಕಲ್‌ಗೆ ಬೇರೆ ಕಾಲೇಜಿನಿಂದ ಪರೀಕ್ಷಕರು ಬರ್ತಾರೆ. ಉತ್ತರ ಪತ್ರಿಕೆಯನ್ನ ಮೌಲ್ಯಮಾಪನ ಕೇಂದ್ರದಲ್ಲಿ ಹುಡುಗನ ಹೆಸರು, ಊರು ಗೊತ್ತಿಲ್ಲದ ಉಪನ್ಯಾಸಕರು ತಿದ್ದುತ್ತಾರೆ, ಅವರು ತಿದ್ದಿದ್ದನ್ನ ಮೇಲಿನವರು ಪರಿಶೀಲಿಸ್ತಾರೆ. ಎರಡು ಕಡೆಯೂ ಒಬ್ಬ ಹೊರಗಿನವನ ಕಣ್ಣಿದೆ. ಈ 20 ಅಂಕದಲ್ಲಿ ಪಾಠ ಮಾಡಿದವರೇ ಅಂಕ ಕೊಡ್ತಾರೆ. ಒಳ್ಳೇ ಉಪನ್ಯಾಸಕರ ಕೈಯಲ್ಲಿ ಅದು ಅಮೃತ. ಬೇರೆಯವರ ಕೈಯಲ್ಲಿ? ಎಲ್ಲರಿಗೂ ಹತ್ತೊಂಬತ್ತು ಕೊಟ್ಟು ಕೈ ತೊಳಕೊಳ್ಳಬಹುದು. ಅಥವಾ ಮುಖ ನೋಡಿ ಮಣೆ ಹಾಕಬಹುದು. 599 ತಗೊಳ್ಳೋ ಹುಡುಗಿಗೆ ಇಲ್ಲಿ ಹೋಗೋ ಒಂದು ಅಂಕ ರ‍್ಯಾಂಕಿನ ಪ್ರಶ್ನೆ. 33ರಲ್ಲಿ ಬಂದು ನಿಂತ ಹುಡುಗನಿಗೆ ಇಲ್ಲಿ ಹೋಗೋ ಎರಡು ಅಂಕ ಮನೆಯಲ್ಲಿ ತಲೆ ಎತ್ತೋ ಪ್ರಶ್ನೆ.

"ಅಯ್ಯೋ, ಇಂಟರ್ನಲ್ ಬಂದಮೇಲೆ ಎಲ್ಲರೂ ಪಾಸೇ" ಅಂತ ಕಟ್ಟೆ ಮೇಲೆ ಕೂತು ಹೇಳೋರಿಗೆ ಒಂದು ಮಾತು. 2023ರಲ್ಲಿ, ಇಂಟರ್ನಲ್ ಇಲ್ಲದ ಕೊನೆಯ ವರ್ಷ, ಫಲಿತಾಂಶ 74.67. ಇಂಟರ್ನಲ್ ಬಂದ ಮೊದಲ ವರ್ಷ 81.15. ಎರಡನೇ ವರ್ಷ, ಅಂದರೆ ಈ ಸಲ, 73.45. ಏರಿದ್ದೂ ಅದೇ ಪದ್ಧತಿಯಲ್ಲಿ, ಇಳಿದಿದ್ದೂ ಅದೇ ಪದ್ಧತಿಯಲ್ಲಿ. ಆದ್ದರಿಂದ ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ.

ಹೊರಗಿನವನ ಕಣ್ಣು ಇಲ್ಲದಿದ್ದರೆ ಅಂಕಕ್ಕೆ ಏನಾಗುತ್ತೆ ಅಂತ ಈ ರಾಜ್ಯ ಒಂದು ಸಲ ನೋಡಿದೆ. ಬಹಳ ಹಿಂದೆ ಏನಲ್ಲ, 2021ರಲ್ಲಿ. ಕೊರೊನಾ ಎರಡನೇ ಅಲೆ. ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕದಿಂದ 45 ಭಾಗ, ಪ್ರಥಮ ಪಿಯುಸಿಯಿಂದ 45 ಭಾಗ, ದ್ವಿತೀಯ ಪಿಯುಸಿಯ ಆಂತರಿಕ ಅಂಕದಿಂದ 10 ಭಾಗ ಅಂತ ಸೂತ್ರ ಮಾಡಿ ಫಲಿತಾಂಶ ಕೊಟ್ಟರು. ನೂರಕ್ಕೆ ನೂರು ಪಾಸ್. 600ಕ್ಕೆ 600 ತಗೊಂಡವರು 2,239 ಮಂದಿ. ಆ ವರ್ಷ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಜನ ಸಾಯ್ತಾ ಇದ್ದ ಹೊತ್ತಿನಲ್ಲಿ ಮಕ್ಕಳನ್ನ ಹಾಲ್‌ನಲ್ಲಿ ಕೂರಿಸೋಕೆ ಆಗ್ತಿರಲಿಲ್ಲ. ಆದರೆ ಮುಂದಿನ ವರ್ಷ ಏನಾಯ್ತು ನೋಡಿ. 2022ರಲ್ಲಿ ಆ ಮಕ್ಕಳಲ್ಲಿ ಸುಮಾರು 24 ಸಾವಿರ ಮಂದಿ ಮತ್ತೆ ಸಿಇಟಿ ಬರೆದರು. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪರೀಕ್ಷಾ ಪ್ರಾಧಿಕಾರ ಏನಂತು? ನಿಮ್ಮ 2021ರ ಪಿಯುಸಿ ಅಂಕ ನಾವು ಪರಿಗಣಿಸಲ್ಲ ಅಂತು. ಸರ್ಕಾರದ ಒಂದು ಕೈ ಕೊಟ್ಟ ಅಂಕವನ್ನ ಸರ್ಕಾರದ ಇನ್ನೊಂದು ಕೈ ನಂಬಲಿಲ್ಲ! ಮಕ್ಕಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಮಕ್ಕಳ ಪರ ಹೇಳಿತು. ಮೇಲ್ಮನವಿ ಆಯ್ತು. ಕಡೆಗೆ ಪಿಯುಸಿ ಅಂಕದಲ್ಲಿ ಇಷ್ಟು ಅಂತ ಕಡಿತ ಮಾಡಿ ಲೆಕ್ಕಕ್ಕೆ ತಗೊಳ್ಳೋ ಒಂದು ಸೂತ್ರಕ್ಕೆ ಎಲ್ಲರೂ ಬಂದರು. ಸೆಪ್ಟೆಂಬರ್ ಕಳೆಯೋ ತನಕ ಆ ಮಕ್ಕಳಿಗೆ ತಾವು ಯಾವ ಕಾಲೇಜಿಗೆ ಹೋಗ್ತೀವಿ ಅಂತ ಗೊತ್ತಿರಲಿಲ್ಲ.

ಅವರಲ್ಲಿ ಎಷ್ಟೋ ಮಕ್ಕಳು ಪರೀಕ್ಷೆ ನಡೆದಿದ್ದರೂ ಅಷ್ಟೇ ಅಂಕ ತಗೊಳ್ಳೋರು. ಮೂರನೆಯವನು ನೋಡದ ಅಂಕ ಅನ್ನೋ ಒಂದೇ ಕಾರಣಕ್ಕೆ ಅವರ ಮಾರ್ಕ್ಸ್ ಕಾರ್ಡು ಸಂಶಯಕ್ಕೆ ಬಿತ್ತು. ಈಗಿನ 20 ಅಂಕಕ್ಕೆ ಆ ಗತಿ ಬರಬಾರದು ಅನ್ನೋದಷ್ಟೇ ನನ್ನ ಕಳಕಳಿ. ದೊಡ್ಡ ಖರ್ಚಿನ ಕೆಲಸ ಏನಲ್ಲ. ಯಾವ ಟೆಸ್ಟಿಗೆ ಎಷ್ಟು, ಪ್ರಾಜೆಕ್ಟಿಗೆ ಎಷ್ಟು ಅಂತ ಮಂಡಳಿಗೆ ಕಳಿಸೋ ಮುಂಚೆ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಲಿ. ಮಗು ನೋಡಲಿ, ಸಹಿ ಮಾಡಲಿ. ಪ್ರಾಜೆಕ್ಟ್ ಪುಸ್ತಕಗಳನ್ನ ಫಲಿತಾಂಶ ಬರೋವರೆಗೆ ಇಟ್ಟುಕೊಳ್ಳಲಿ. ಪ್ರತಿ ಜಿಲ್ಲೆಯಲ್ಲಿ ಹತ್ತಾರು ಕಾಲೇಜಿಗೆ ಹೋಗಿ ಯಾರಾದರೂ ತೆಗೆದು ನೋಡಲಿ. ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟು ಸಿಗುತ್ತೆ ಅನ್ನೋದು ಮಕ್ಕಳಿಗೂ ಗೊತ್ತು, ಕಾಲೇಜಿನವರಿಗೂ ಗೊತ್ತು.

ಇನ್ನು 210ರ ತುದಿಗೆ ಬರ್ತೀನಿ.

599ರ ಮಗುವಿಗೆ ಈ ಸರ್ಟಿಫಿಕೇಟಿನಿಂದ ಏನಾಗಬೇಕು? ಕಠಿಣವಾಗಿ ಕೇಳಿಸಬಹುದು, ಆದರೂ ಹೇಳ್ತೀನಿ. ಬಹಳ ಏನೂ ಇಲ್ಲ. ಡಾಕ್ಟರ್ ಆಗಬೇಕಾ? ನೀಟ್ ಇದೆ. ಅಲ್ಲಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಮೀಸಲಾತಿಯವರಿಗೆ 40 ಇದ್ದರೆ ಆಯ್ತು. ಅದರ ಮೇಲೆ 51 ಇರಲಿ, 99 ಇರಲಿ, ರ‍್ಯಾಂಕಿಗೆ ವ್ಯತ್ಯಾಸ ಇಲ್ಲ. ಐಐಟಿಗೆ ಹೋಗಬೇಕಾ? ಜೆಇಇ ಇದೆ. ನೂರಕ್ಕೆ 75 ಇದ್ದರೆ ಬಾಗಿಲು ತೆಗೆಯುತ್ತೆ, ಒಳಗೆ ಎಲ್ಲಿ ಕೂರಬೇಕು ಅಂತ ಹೇಳೋದು ಜೆಇಇ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2022ರಿಂದ ಸಿಯುಇಟಿ ಬಂತು. ಈ ದೊಡ್ಡ ಬಾಗಿಲುಗಳ ಪೈಕಿ ನಮ್ಮ ಪಿಯುಸಿ ಅಂಕಕ್ಕೆ ನಿಜವಾಗಿ ಬೆಲೆ ಕೊಡ್ತಿರೋದು ಎಂಜಿನಿಯರಿಂಗ್ ಸಿಇಟಿ, ಅದೂ ಅರ್ಧ. ಅದಕ್ಕೇ ತಾನೆ ಕಾಲೇಜು ಒಂದು ಕಡೆ, ಕೋಚಿಂಗ್ ಇನ್ನೊಂದು ಕಡೆ ಅಂತಿದ್ದದ್ದು ಹೋಗಿ "ಇಂಟಿಗ್ರೇಟೆಡ್" ಅಂತ ಬೋರ್ಡು ಬಂದಿರೋದು? ವಿಜ್ಞಾನ ಓದೋ, ಕೈಲಾದ ಮನೆಯ ಮಗುವಿಗೆ ಪಿಯುಸಿ ಇವತ್ತು ಟಿಕೆಟ್ ಕೌಂಟರಿನ ಮುಂದಿನ ಸಾಲು. ಪ್ರಯಾಣ ಬೇರೆ ಕಡೆ ಇದೆ.

ಈ ಕಾಗದವನ್ನ ಪೂರ್ತಿಯಾಗಿ ನಂಬಿಕೊಂಡವರು ಯಾರು? ಪಕ್ಕದೂರಿನ ಸರ್ಕಾರಿ ಡಿಗ್ರಿ ಕಾಲೇಜಿಗೆ ಬಿ.ಎ. ಸೇರಬೇಕಾದ ಹುಡುಗಿ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು ಅಂತ ಬೆಳಗ್ಗೆ ಐದಕ್ಕೆ ಎದ್ದು ರಸ್ತೆಯಲ್ಲಿ ಓಡೋ ಹುಡುಗ. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಅರ್ಜಿ ಹಾಕೋರು. ಈ ಎಲ್ಲ ಕೆಲಸಕ್ಕೂ ಕೇಳೋದು ಪಿಯುಸಿ ಪಾಸ್. ಗ್ರಾಮ ಲೆಕ್ಕಿಗರ ಹುದ್ದೆ ಗೊತ್ತಲ್ಲ, ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ. ಆ ಕೆಲಸ ಬಹಳ ಕಾಲ ಪಿಯುಸಿ ಅಂಕದ ಮೇಲೆಯೇ ಸಿಗ್ತಿತ್ತು. ಪರೀಕ್ಷೆ ಇಲ್ಲ, ಕೋಚಿಂಗ್ ಇಲ್ಲ, ಮಾರ್ಕ್ಸ್ ಕಾರ್ಡ್ ಒಂದೇ. ಸಾವಿರ ಹುದ್ದೆಗೆ 2024ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿದರು. ಅದಕ್ಕೆ ಕೂರೋಕೂ ಪಿಯುಸಿ ಪಾಸಾಗಿರಲೇಬೇಕು. ಹೆಣ್ಣುಮಕ್ಕಳ ಮನೆಗಳಲ್ಲಿ ಇನ್ನೂ ಒಂದು ಲೆಕ್ಕ ಇದೆ. ನಿಮಗೂ ಗೊತ್ತು. ಪಾಸಾದರೆ ಡಿಗ್ರಿ, ಫೇಲಾದರೆ ಗಂಡು ನೋಡೋದು. ಹದಿನೆಂಟು ತುಂಬಿತಲ್ಲ ಅಂತಾರೆ. ಆ ಹುಡುಗಿಗೆ 34 ಮತ್ತು 35ರ ನಡುವೆ ಇರೋದು ಒಂದು ಅಂಕ ಅಲ್ಲ.

ಈಗ ಇವತ್ತಿನ ಅಂಕಿಅಂಶ ಇನ್ನೊಂದು ಸಲ ನೋಡಿ. ವಿಜ್ಞಾನದಲ್ಲಿ ಪಾಸಾದವರು ನೂರಕ್ಕೆ 82.54. ವಾಣಿಜ್ಯ 76.07. ಕಲಾ ವಿಭಾಗ 53.29. ಯಾರಿಗೆ ಈ ಕಾಗದ ಬಿಟ್ಟರೆ ಬೇರೆ ಗತಿ ಇಲ್ಲವೋ ಅವರಲ್ಲೇ ಹೆಚ್ಚುಕಡಿಮೆ ಅರ್ಧ ಜನ ಹೊರಗೆ. ಜಿಲ್ಲೆ ನೋಡಿ. ಉಡುಪಿ 93.90, ದಕ್ಷಿಣ ಕನ್ನಡ 93.57. ಕೊನೆಯಲ್ಲಿ ಯಾದಗಿರಿ, 48.45. ಒಂದೇ ರಾಜ್ಯ, ಒಂದೇ ಪ್ರಶ್ನೆ ಪತ್ರಿಕೆ, ಒಂದೇ ಮಂಡಳಿ. ಒಂದು ಕಡೆ ಹತ್ತರಲ್ಲಿ ಒಂಬತ್ತು, ಇನ್ನೊಂದು ಕಡೆ ಎರಡರಲ್ಲಿ ಒಬ್ಬ ಕೂಡ ಪೂರ್ತಿ ಇಲ್ಲ.

ಕರಾವಳಿಯವರು ಬೇಜಾರು ಮಾಡ್ಕೋಬೇಡಿ. ನಿಮ್ಮ ಶಿಸ್ತು, ನಿಮ್ಮ ಕಾಲೇಜುಗಳ ದುಡಿಮೆ ದೊಡ್ಡದೇ. ಆದರೆ ಆ 93ರಲ್ಲಿ ರಾಜ್ಯದ ಬೇರೆ ಬೇರೆ ಜಿಲ್ಲೆಯಿಂದ ಬಂದು ಹಾಸ್ಟೆಲ್‌ನಲ್ಲಿ ಇದ್ದು ಓದಿದ ಮಕ್ಕಳೂ ಇದ್ದಾರೆ. ಚೆನ್ನಾಗಿ ಓದೋ ಮಗು, ಫೀಸು ಕಟ್ಟಬಲ್ಲ ಅಪ್ಪ, ಇಬ್ಬರೂ ಮಂಗಳೂರಿನ ಬಸ್ಸು ಹತ್ತಿದ ಮೇಲೆ ಅವರ ಊರಿನ ಸರ್ಕಾರಿ ಕಾಲೇಜಿನಲ್ಲಿ ಉಳಿಯೋರು ಯಾರು? ಅವರಿಗೆ ಪಾಠ ಮಾಡೋರು ಯಾರು? ಕಾಯಂ ಉಪನ್ಯಾಸಕರಿಲ್ಲದ ಕಡೆ ಅತಿಥಿ ಉಪನ್ಯಾಸಕರು ಬರಬೇಕು. ಅವರ ನೇಮಕ ಆಗೋದು ಕಾಲೇಜು ಶುರುವಾದ ಮೇಲೆ, ಸಂಬಳ ಬರೋದು ಅದಕ್ಕೂ ಆಮೇಲೆ. ಸೋಯಾಬೀನು, ಹತ್ತಿ ಬಿಡಿಸೋ ಕಾಲದಲ್ಲಿ ಹುಡುಗ ಹೊಲದಲ್ಲಿ ಇರ್ತಾನೆ. ಆ ತಿಂಗಳಲ್ಲೇ ಕಾಲೇಜಿನಲ್ಲಿ ಟೆಸ್ಟು ಇರುತ್ತೆ, ಆ ಟೆಸ್ಟಿನ ಅಂಕ ಈಗ ಇಂಟರ್ನಲ್‌ಗೆ ಸೇರುತ್ತೆ. ಬೆಂಗಳೂರಿನಲ್ಲಿ ಕೂತು ನೋಡಿದರೆ 80-20 ಎಲ್ಲರಿಗೂ ಸಮ. ಸುರಪುರದಲ್ಲಿ ಕೂತು ನೋಡಿ.

ಹಾಗಂತ ಚಿಕ್ಕ ಊರಿನಲ್ಲಿ ಆಗಲ್ಲ ಅನ್ನೋಕೂ ಆಗಲ್ಲ. ಎಷ್ಟೋ ವರ್ಷ ಕಲಾ ವಿಭಾಗದ ಮೊದಲ ಸ್ಥಾನ ಬಂದದ್ದು ಎಲ್ಲಿಂದ? ಬೆಂಗಳೂರಿನಿಂದ ಅಲ್ಲ, ಮೈಸೂರಿನಿಂದ ಅಲ್ಲ. ವಿಜಯನಗರ ಜಿಲ್ಲೆಯ ಕೊಟ್ಟೂರಿನಿಂದ. ಬಿಸಿಲು ನಾಡು, ಕನ್ನಡ ಮಾಧ್ಯಮದ ಮಕ್ಕಳು. ಯಾರೋ ಒಂದು ಕಡೆ ಪಟ್ಟು ಹಿಡಿದು ಕೂತು ಪಾಠ ಮಾಡಿದರೆ ಏನಾಗುತ್ತೆ ಅಂತ ನೋಡೋಕೆ ಶಿಕ್ಷಣ ಇಲಾಖೆಯ ದೊಡ್ಡವರು ಫಿನ್‌ಲ್ಯಾಂಡಿಗೆ ಹೋಗಬೇಕಿಲ್ಲ. ಹೊಸಪೇಟೆಯಲ್ಲಿ ಇಳಿದರೆ ಸಾಕು.

ಒಂದು ಒಳ್ಳೇ ಕೆಲಸ ಆಗಿದೆ, ಅದನ್ನ ಹೇಳದೆ ಇದ್ದರೆ ತಪ್ಪಾಗುತ್ತೆ. ಮೂರು ಪರೀಕ್ಷೆ ಪದ್ಧತಿ. ಮೊದಲು ವಾರ್ಷಿಕ ಪರೀಕ್ಷೆ, ಫೇಲಾದವರಿಗೆ ಪೂರಕ ಪರೀಕ್ಷೆ ಅಂತ ಇತ್ತು. ಆ "ಪೂರಕ" ಅನ್ನೋ ಪದವೇ ಹುಡುಗನ ಹಣೆ ಮೇಲೆ ಬರೆದ ಹಾಗೆ ಇರ್ತಿತ್ತು. 2023-24ರಿಂದ ಅದನ್ನ ತೆಗೆದು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮಾಡಿದರು. ಫೇಲಾದವನೂ ಬರೆಯಬಹುದು, ಪಾಸಾದವನೂ ಅಂಕ ಸಾಲದು ಅಂತ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂತೋ ಅದು ಉಳಿಯುತ್ತೆ. ಕಡಿಮೆ ಬಂದರೆ ನಷ್ಟ ಇಲ್ಲ. ಆಗ 580 ತಗೊಂಡವನೂ 180 ತಗೊಂಡವನೂ ಒಂದೇ ಹಾಲ್‌ನಲ್ಲಿ ಕೂರೋ ಸಾಧ್ಯತೆ ಬಂತು. ಮರ್ಯಾದೆ ಉಳಿಸಿದ ಬದಲಾವಣೆ ಅದು. ಉಪನ್ಯಾಸಕರಿಗೆ ಬೇಸಿಗೆ ರಜೆ ಹೋಯ್ತು, ಮೌಲ್ಯಮಾಪನದ ಹೊರೆ ಹೆಚ್ಚಾಯ್ತು ಅನ್ನೋ ದೂರಿದೆ. ದೂರಿನಲ್ಲಿ ಸತ್ಯವೂ ಇದೆ, ಅದಕ್ಕೆ ತಕ್ಕ ಸಂಭಾವನೆ ಕೊಡಲಿ. ಪದ್ಧತಿಯನ್ನ ಮಾತ್ರ ಮುಟ್ಟಬೇಡಿ.

ಆದರೆ ದಿನಾಂಕ ನೋಡಿ. ಇವತ್ತು ಎಂಟನೇ ತಾರೀಕು. ಪರೀಕ್ಷೆ-2 ಶುರುವಾಗೋದು 24ಕ್ಕೆ. ಹದಿನಾರು ದಿನ. ವಿಜ್ಞಾನದ ಹುಡುಗ ಭೌತಶಾಸ್ತ್ರದಲ್ಲಿ ಹೋಗಿದ್ದಾನೆ ಅಂತ ಇಟ್ಟುಕೊಳ್ಳಿ. ಅವನಿಗೆ 16, 17ಕ್ಕೆ ಸಿಇಟಿ. 24ರಿಂದ ಮೇ 8ರವರೆಗೆ ಪರೀಕ್ಷೆ-2. ನಡುವೆ ಮೇ 4ಕ್ಕೆ ನೀಟ್. ಉಸಿರಾಡೋಕೆ ಜಾಗ ಎಲ್ಲಿ? ಮತ್ತೆ, ಒಂದು ವರ್ಷದಲ್ಲಿ ಅರ್ಥ ಆಗದ ಭೌತಶಾಸ್ತ್ರ ಹದಿನಾರು ದಿನದಲ್ಲಿ ಹೇಗೆ ಅರ್ಥ ಆಗುತ್ತೆ? ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟರೆ ಆಗುತ್ತೆ. ಫೇಲಾದ ಮಕ್ಕಳಿಗೆ ಆಯಾ ಕಾಲೇಜಿನಲ್ಲೇ, ಬರೀ ಹಾಜರಿ ಪುಸ್ತಕದಲ್ಲಿ ಅಲ್ಲ, ನಿಜವಾಗಿ ಪಾಠ ನಡೆಯಬೇಕು. ಇಲ್ಲದಿದ್ದರೆ ಮೂರು ಪರೀಕ್ಷೆ ಅಂದರೆ ಮೂರು ಸಲ ಫೇಲಾಗೋ ಅವಕಾಶ ಅಂತ ಆಗಿಬಿಡುತ್ತೆ. ಸಚಿವರು ಇವತ್ತು ಪತ್ರಿಕಾಗೋಷ್ಠಿಯಲ್ಲಿ ಕೂತ ಹೊತ್ತಿನಲ್ಲಿ ನಾವು ಮಾಧ್ಯಮದವರೂ ಟಾಪರ್ ಪಟ್ಟಿ ಕೇಳೋದರ ಜೊತೆಗೆ ಇದನ್ನ ಇನ್ನೂ ಗಟ್ಟಿಯಾಗಿ ಕೇಳಬೇಕು. ನಾಳೆಯಿಂದ ಯಾವ ಯಾವ ತಾಲೂಕಿನಲ್ಲಿ ಎಷ್ಟು ಕಾಲೇಜಿನಲ್ಲಿ ಈ ಪಾಠ ಶುರುವಾಯ್ತು ಅಂತ ನಮ್ಮ ವರದಿಗಾರರು ಹೋಗಿ ನೋಡ್ತಾರೆ.

ಕೊನೆಯದಾಗಿ, ಈ ಕಾರ್ಯಕ್ರಮ ನೋಡ್ತಿರೋ ಅಪ್ಪ-ಅಮ್ಮಂದಿರಿಗೆ ಒಂದೆರಡು ಕೆಲಸದ ಮಾತು. ಮಗುವಿಗೆ ಎಲ್ಲೋ ಅಂಕ ಕಡಿಮೆ ಬಂದಿದೆ ಅನ್ನಿಸಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು. ಒಂದು ವಿಷಯಕ್ಕೆ 530 ರೂಪಾಯಿ. ಅಂಕ ಕೂಡಿಸಿರೋದರಲ್ಲಿ ತಪ್ಪಿದ್ದರೆ ಮರುಎಣಿಕೆಗೆ ಶುಲ್ಕ ಇಲ್ಲ. ಮರುಮೌಲ್ಯಮಾಪನಕ್ಕೆ ವಿಷಯಕ್ಕೆ 1,670. ಅವಕಾಶ ಇರೋದು ಕೆಲವೇ ದಿನ, ಆದ್ದರಿಂದ ನಾಳೆಯೇ ನೋಡಿ. ಕೂಲಿ ಮಾಡೋ ಮನೆಗೆ ಈ ದುಡ್ಡು ಭಾರ ಅಂತ ಗೊತ್ತಿದೆ. ಅದಕ್ಕೇ ಮೊದಲು ಸ್ಕ್ಯಾನ್ ಪ್ರತಿ ಒಂದೇ ತರಿಸಿ, ಆ ವಿಷಯದ ಉಪನ್ಯಾಸಕರ ಹತ್ತಿರ ಕೂತು ಮಂಡಳಿಯ ಮಾದರಿ ಉತ್ತರದ ಜೊತೆ ಹೋಲಿಸಿ, ಆಮೇಲೆ ಮುಂದಿನ ದುಡ್ಡು ಹಾಕಿ. ಅದರ ಜೊತೆಗೆ ಮಾರ್ಕ್ಸ್ ಕಾರ್ಡಿನಲ್ಲಿ ಇಂಟರ್ನಲ್ ಎಷ್ಟು, ಬರವಣಿಗೆ ಎಷ್ಟು ಅಂತ ಬೇರೆ ಬೇರೆಯಾಗಿ ನೋಡಿ. ಇಂಟರ್ನಲ್‌ನಲ್ಲಿ 20ಕ್ಕೆ 8 ಇದ್ದರೆ ಯಾಕೆ ಅಂತ ಪ್ರಾಂಶುಪಾಲರನ್ನ ಕೇಳಿ. ಜಗಳ ಬೇಡ, ಕೇಳಿ. ಕೇಳೋ ಹಕ್ಕು ನಿಮಗಿದೆ.

ಮತ್ತೆ ಮಕ್ಕಳೇ. ಈ ಕಾರ್ಯಕ್ರಮವನ್ನ ಪಕ್ಕದ ರೂಮಿನಿಂದ, ಬಾಗಿಲು ಹಾಕಿಕೊಂಡು ಕೇಳಿಸ್ಕೊಳ್ತಿರೋ ಮಕ್ಕಳೂ ಇರಬಹುದು. ಹೊರಗೆ ಬನ್ನಿ. ಊಟ ಮಾಡಿ. ಮನಸ್ಸು ತೀರಾ ಕೆಟ್ಟಿದ್ದರೆ ಒಬ್ಬರೇ ಇರಬೇಡಿ. ಅಮ್ಮನಿಗೋ ಅಕ್ಕನಿಗೋ ಗೆಳೆಯನಿಗೋ ಹೇಳಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಾಳೆ ಬೆಳಗ್ಗೆ ಕಾಲೇಜಿಗೆ ಹೋಗಿ ಪರೀಕ್ಷೆ-2ರ ಅರ್ಜಿ ಕೇಳಿ. ಅದೂ ತಪ್ಪಿದರೆ 2025ರ ಜೂನ್‌ನಲ್ಲಿ ಪರೀಕ್ಷೆ-3 ಇದೆ. ಅಪ್ಪ ಬೈತಾರೆ ಅಂತ ಭಯ ಇದ್ದರೆ ಈ ಹೊತ್ತು ಟಿವಿ ಮುಂದೆ ಅವರೇ ಕೂತಿರ್ತಾರೆ. ಸ್ವಾಮಿ, ಬೈಬೇಡಿ. ಅರ್ಜಿ ತುಂಬೋಕೆ ನೀವೂ ಜೊತೆಗೆ ಹೋಗಿ.